ದಾರಿ ತಪ್ಪಿ ಬಂದ ಪ್ರಶ್ನೆಗೆ "ಬೇರೆ ಕಡೆ ಕೇಳಿ" ಅಂದರೆ ಸಾಕಾ?

ತೋಟದಮನೆ, ಮೂಡಿಗೆರೆ (ಕಾಫಿ-ಮೆಣಸು ವೇದಿಕೆ ನಿರ್ವಾಹಕಿ)

ಎಲ್ಲರಿಗೂ ನಮಸ್ಕಾರ. ಜುಲೈನಲ್ಲಿ ನನ್ನ ಕೈಯಿಂದ ಆದ ಒಂದು ತಪ್ಪನ್ನು ಹೇಳಿಯೇ ಈ ಚರ್ಚೆ ಶುರು ಮಾಡ್ತೀನಿ.

ಆಲೂರು ಕಡೆಯ ರೈತರೊಬ್ಬರು ರಾತ್ರಿ ಹತ್ತೂವರೆಗೆ ನಮ್ಮ ವೇದಿಕೆಯಲ್ಲಿ ಎರಡು ಫೋಟೋ ಹಾಕಿ ಕೇಳಿದ್ದರು: "ಆಲೂಗಡ್ಡೆ ಎಲೆ ಅಂಚಿಂದ ಕಪ್ಪಾಗ್ತಾ ಬರ್ತಿದೆ, ಎಲೆ ಅಡಿಗೆ ಬಿಳಿ ಬೂಸ್ಟು. ನಾಲ್ಕು ದಿನದಿಂದ ಜಿನುಗು ಮಳೆ, ಬಿಸಿಲೇ ಇಲ್ಲ. ಏನು ಹೊಡೀಲಿ?" ಬೆಳಿಗ್ಗೆ ನೋಡಿದವಳು, "ಇದು ಕಾಫಿ ಮತ್ತು ಮೆಣಸಿಗೆ ಮಾತ್ರ. ದಯವಿಟ್ಟು ಬೇರೆ ಕಡೆ ಕೇಳಿ" ಅಂತ ಬರೆದು ಪ್ರಶ್ನೆಯನ್ನು ಮುಚ್ಚಿದೆ. ಎಲ್ಲಿ ಕೇಳಬೇಕು ಅಂತ ಬರೆಯಲಿಲ್ಲ. ತರಕಾರಿ ವೇದಿಕೆ ನಮ್ಮ ಪಕ್ಕದ್ದೇ, ಅದನ್ನು ನೋಡಿಕೊಳ್ಳುವವರ ಜೊತೆ ವಾರಕ್ಕೆ ಎರಡು ಸಲ ಮಾತಾಡ್ತೀನಿ. ಒಂದು ಕೊಂಡಿ ಹಾಕೋದಕ್ಕೆ ಅರ್ಧ ನಿಮಿಷ ಸಾಕಿತ್ತು.

ಅವರ ಪ್ರಶ್ನೆ ತರಕಾರಿ ವೇದಿಕೆ ತಲುಪಿದ್ದು ಆರನೇ ದಿನಕ್ಕೆ. ಅಷ್ಟರಲ್ಲಿ ಹೊಲ ಸುಟ್ಟ ಹಾಗೆ ಆಗಿತ್ತು.

ವೇದಿಕೆಗೆ ಬೇಲಿ ಬೇಡ ಅಂತ ನಾನು ಹೇಳ್ತಿಲ್ಲ. ಆದರೆ ಬೇಲಿ ಹತ್ತಿರ ಬಂದು ನಿಂತವರನ್ನು ಹೇಗೆ ಕಳಿಸಬೇಕು ಅನ್ನೋದಕ್ಕೆ ನಮ್ಮಲ್ಲಿ ಒಂದು ಕ್ರಮ ಇಲ್ಲ. ಕಾಫಿ-ಮೆಣಸು, ಅಡಿಕೆ, ತರಕಾರಿ, ಜಮೀನು ದಾಖಲೆ, ಪಂಪು-ಯಂತ್ರ ಅಂತ ಐದು ವೇದಿಕೆ ಇದ್ದೀವಿ. ಐದೂ ಕಡೆಯವರು ಇಲ್ಲೇ ಮಾತಾಡಿ ಒಂದು ತೀರ್ಮಾನಕ್ಕೆ ಬರೋಣ.

ಅರಬಿಕಾ, ಬಾಳೆಹೊನ್ನೂರು

ಅಕ್ಕ, ನಿಮ್ಮ ಸಂಕಟ ಅರ್ಥ ಆಗುತ್ತೆ. ಆದರೂ ಬೇಲಿ ಯಾಕೆ ಹಾಕಿದೆವು ಅನ್ನೋದನ್ನೂ ನೆನಪಿಸಬೇಕು. ಎರಡು ವರ್ಷದ ಹಿಂದೆ ಇಲ್ಲಿ ಗೊಬ್ಬರದ ರೇಟು, ಟಿಲ್ಲರ್ ಮಾರಾಟಕ್ಕಿದೆ, ಪೌತಿ ಖಾತೆ ಹೇಗೆ ಮಾಡಿಸೋದು, ಎಲ್ಲ ಒಟ್ಟಿಗೇ ಬೀಳ್ತಿತ್ತು. ಕಾಫಿ ಗಿಡದ ಕಾಂಡ ಕೊರೆಯುವ ಬಿಳಿ ಕಾಂಡಕೊರಕ ಹುಳದ ಪ್ರಶ್ನೆಗೆ ಸರಿಯಾದ ಉತ್ತರ ಕೊಡ್ತಿದ್ದ ನಾಲ್ಕೈದು ಜನ ಇದೇ ಕಾರಣಕ್ಕೆ ಬಿಟ್ಟು ಹೋದರು. ಕಾಂಡಕೊರಕದ ದುಂಬಿ ಹಾರೋದು ವರ್ಷಕ್ಕೆ ಎರಡು ಸಲ: ಏಪ್ರಿಲ್-ಮೇನಲ್ಲಿ ಒಮ್ಮೆ, ಅಕ್ಟೋಬರಿಂದ ಡಿಸೆಂಬರ್ ತನಕ ಇನ್ನೊಮ್ಮೆ. ಅದಕ್ಕೆ ಮುಂಚೆ ಹುಳ ಬಿದ್ದ ಗಿಡ ಹುಡುಕಿ, ಕಿತ್ತು, ಸುಡಬೇಕು. ಆ ಸಮಯದಲ್ಲಿ ಹಾಕಿದ ಪ್ರಶ್ನೆ ಟಿಲ್ಲರ್ ಜಾಹೀರಾತಿನ ಅಡಿಗೆ ಹೋದರೆ ಅಲ್ಲೂ ಒಬ್ಬ ರೈತನ ತೋಟವೇ ಹೋಗೋದು.

ನಮ್ಮೂರಲ್ಲಿ ಕಾಫಿ ಸಂಶೋಧನಾ ಕೇಂದ್ರ ಶುರುವಾಗಿದ್ದು 1925ರಲ್ಲಿ. ನೂರು ವರ್ಷದಿಂದ ಒಂದೇ ಬೆಳೆ ಹಿಡಿದುಕೊಂಡು ಕೂತಿದ್ದಕ್ಕೇ ಅಲ್ಲಿ ಅಷ್ಟು ಆಳದ ತಿಳಿವಳಿಕೆ ಬೆಳೆದಿದ್ದು. ನಮ್ಮ ವೇದಿಕೆಗೂ ಆ ಬಿಗಿ ಬೇಕು. ಮುಚ್ಚೋದನ್ನು ನಿಲ್ಲಿಸಬೇಡಿ.

ತರಕಾರಿ ವೇದಿಕೆ, ಹಾಸನ

ಮುಚ್ಚಿ, ಬೇಡ ಅನ್ನಲ್ಲ. ಮುಚ್ಚಿದ ಬಾಗಿಲ ಮೇಲೆ ನಮ್ಮ ವಿಳಾಸ ಬರೆದಿರಬೇಕು ಅಷ್ಟೇ.

ಆ ಫೋಟೋ ನನಗೆ ಮೊದಲ ದಿನವೇ ಸಿಕ್ಕಿದ್ದರೆ ಏನು ಹೇಳ್ತಿದ್ದೆ ಅಂತ ಬರೀತೀನಿ. ಅದು ಅಂಗಮಾರಿ. ಮೋಡ, ಜಿನುಗು ಮಳೆ, ತಂಪು ಮೂರೂ ಸೇರಿದರೆ ನಾಲ್ಕೈದು ದಿನದಲ್ಲಿ ಹೊಲದ ಈ ತಲೆಯಿಂದ ಆ ತಲೆಗೆ ಹೋಗುತ್ತೆ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಗೆ ಬಿದ್ದು, ಕ್ಷಾಮ ತಂದು, ಲಕ್ಷಗಟ್ಟಲೆ ಜನರನ್ನು ಸಾಯಿಸಿದ್ದು ಇದೇ ರೋಗ. ಮ್ಯಾಂಕೋಜೆಬ್ ಥರದ ಶಿಲೀಂಧ್ರನಾಶಕ ರೋಗ ಕಾಣೋ ಮೊದಲು ಕಾವಲಿಗೆ. ರೋಗ ಒಳಗೆ ಇಳಿದ ಮೇಲೆ ಗಿಡದೊಳಗೆ ಹೋಗಿ ಕೆಲಸ ಮಾಡುವ ಔಷಧಿ ಬೇಕು, ಅದನ್ನೂ ಕೂಡಲೇ ಹೊಡೀಬೇಕು. ಹಾಗಾಗಿ ಈ ಪ್ರಶ್ನೆಗೆ ಗಂಟೆಗಳ ಲೆಕ್ಕ. ಯಾವ ವೇದಿಕೆಗೆ ಸೇರಿದ್ದು ಅನ್ನೋದು ಎರಡನೇ ಮಾತು.

ಕಡೂರು ಹುಡುಗ, ಈಗ ಬೆಂಗಳೂರು

ನಾನು ಸಾಫ್ಟ್‌ವೇರ್ ಕೆಲಸದವನು. ಇದೇ ತಲೆನೋವನ್ನು ನಮ್ಮ ಕಸುಬಿನವರು ಬಹಳ ವರ್ಷ ಅನುಭವಿಸಿ ಒಂದು ಪದ್ಧತಿ ಮಾಡಿಕೊಂಡಿದ್ದಾರೆ. ನಮಗೆ ಬೇಕಾದಷ್ಟು ತಗೊಳ್ಳಬಹುದು.

ಸ್ಟ್ಯಾಕ್ ಓವರ್‌ಫ್ಲೋ ಅಂತ ಪ್ರೋಗ್ರಾಮಿಂಗ್ ಪ್ರಶ್ನೋತ್ತರದ ತಾಣ 2008ರಲ್ಲಿ ಶುರುವಾಯ್ತು. ಸ್ವಲ್ಪ ದಿನದಲ್ಲೇ ಸರ್ವರ್ ನೋಡಿಕೊಳ್ಳುವವರು, ಮನೆ ಕಂಪ್ಯೂಟರ್ ಕೆಟ್ಟವರು ಎಲ್ಲ ಅಲ್ಲೇ ಬಂದು ಕೇಳೋಕೆ ಹತ್ತಿದರು. 2009ರಲ್ಲಿ ಅವರಿಗೆ ಸರ್ವರ್ ಫಾಲ್ಟ್, ಸೂಪರ್ ಯೂಸರ್ ಅಂತ ಬೇರೆ ಎರಡು ತಾಣ ಕಟ್ಟಿಕೊಟ್ಟರು. ಈಗ ಸ್ಟ್ಯಾಕ್ ಎಕ್ಸ್‌ಚೇಂಜ್ ಅನ್ನೋ ಒಂದೇ ಸೂರಿನ ಕೆಳಗೆ ನೂರಕ್ಕೂ ಹೆಚ್ಚು ತಾಣ ಇವೆ. ಅಲ್ಲಿ ತಪ್ಪು ಜಾಗಕ್ಕೆ ಬಿದ್ದ ಪ್ರಶ್ನೆಯನ್ನು ಎತ್ತಿ ಇನ್ನೊಂದು ತಾಣಕ್ಕೆ ವರ್ಗ ಮಾಡ್ತಾರೆ. ವರ್ಗ ಆಗುವಾಗ ಅಷ್ಟರೊಳಗೆ ಬಂದಿದ್ದ ಉತ್ತರ, ಟಿಪ್ಪಣಿ ಎಲ್ಲ ಜೊತೆಗೇ ಹೋಗುತ್ತೆ. ಹಳೆ ಜಾಗದಲ್ಲಿ "ಇಲ್ಲಿಗೆ ಹೋಗಿದೆ" ಅಂತ ಕೊಂಡಿ ಉಳಿಯುತ್ತೆ. ಕೇಳಿದವರು ಹೊಸ ಕಡೆ ಖಾತೆ ತೆರೆದರೆ ಪ್ರಶ್ನೆ ಅವರ ಹೆಸರಿಗೇ ಸೇರುತ್ತೆ.

ಅಲ್ಲಿನ ಮೂರು ಕಟ್ಟುಪಾಡು ನಮಗೂ ಹೊಂದುತ್ತೆ ಅನ್ನಿಸುತ್ತೆ. 60 ದಿನ ದಾಟಿದ ಪ್ರಶ್ನೆಯನ್ನು ವರ್ಗ ಮಾಡಲ್ಲ, ಇದ್ದಲ್ಲೇ ಬಿಡ್ತಾರೆ. ಎರಡನೆಯದು, ಅರ್ಥವೇ ಆಗದ, ವಿವರವೇ ಇಲ್ಲದ ಪ್ರಶ್ನೆಯನ್ನು ಪಕ್ಕದವರ ಅಂಗಳಕ್ಕೆ ದಾಟಿಸಬಾರದು, ಮೊದಲು ಇಲ್ಲೇ ವಿವರ ಕೇಳಿ ಸರಿಮಾಡಿಸಬೇಕು. ಇನ್ನೊಂದು, ಹೋದ ಕಡೆಯವರೂ "ನಮ್ಮದಲ್ಲ" ಅಂತ ಮುಚ್ಚಿದರೆ ವರ್ಗಾವಣೆಯೇ ತಿರಸ್ಕಾರವಾಗಿ ಪ್ರಶ್ನೆ ಮೊದಲಿನ ತಾಣಕ್ಕೆ ವಾಪಸ್ ಬರುತ್ತೆ. ಅಂದರೆ ಕಳಿಸೋದಕ್ಕೆ ಮುಂಚೆ ಆ ಕಡೆಯ ಕ್ರಮ ಓದಿಕೊಂಡಿರಬೇಕು.

ಅದೇ ಪ್ರಶ್ನೆಯನ್ನು ಒಂದೇ ಸಲಕ್ಕೆ ಎರಡು ಮೂರು ಕಡೆ ಅಂಟಿಸೋದನ್ನೂ ಅಲ್ಲಿ ಬೇಡ ಅಂತಾರೆ. ಒಂದು ಕಡೆ ಉತ್ತರ ಸಿಕ್ಕಿದ್ದು ಇನ್ನೊಂದು ಕಡೆಯವರಿಗೆ ಗೊತ್ತಾಗದೆ ಅವರ ಶ್ರಮ ದಂಡ ಆಗುತ್ತೆ.

ಕಳಸ ಅಡಿಕೆ

ಹುಡುಗ ಹೇಳಿದ್ದು ಚೆನ್ನಾಗಿದೆ. ಆದರೆ ಮಾರಾಯ್ರೇ, ಹೆಸರು ನೋಡಿ ವರ್ಗ ಮಾಡೋಕೆ ಹೋಗಬೇಡಿ. ಹೋದ ಮಳೆಗಾಲದಲ್ಲಿ "ಕೊಳೆರೋಗಕ್ಕೆ ಏನು ಮಾಡಲಿ" ಅಂತ ಒಬ್ಬರು ಕಾಫಿ ವೇದಿಕೆಯಲ್ಲಿ ಕೇಳಿದ್ದರು. ಕೊಳೆ ಅಂದರೆ ಅಡಿಕೆ ಅಂದುಕೊಂಡು ಯಾರೋ ಅದನ್ನು ನಮ್ಮ ಕಡೆ ದಾಟಿಸಿದರು. ನಾವು ಗೊನೆಗೆ ಬೋರ್ಡೋ ಹೊಡೆಯೋದು, ಮಳೆ ತಾಗದ ಹಾಗೆ ಗೊನೆಗೆ ಕೊಟ್ಟೆ ಕಟ್ಟೋದು ಎಲ್ಲ ಬರೆದೆವು. ಅವರು ಕೇಳಿದ್ದು ಕಾಫಿ ಗಿಡದ ಕೊಳೆ!

ಎರಡಕ್ಕೂ ನಾವು ಕೊಳೆರೋಗ ಅಂತಲೇ ಹೇಳೋದು. ಅಡಿಕೆಯದು ಫೈಟೊಫ್ತೊರ ಅನ್ನೋ ರೋಗಾಣುಗಳ ಕುಲದ್ದು. ಕಾಫಿಯದು ಬೇರೆಯೇ ಶಿಲೀಂಧ್ರ, ಅದರ ಶಾಸ್ತ್ರೀಯ ಹೆಸರಿನಲ್ಲೇ "ಕೊಳೆರೋಗ" ಅನ್ನೋ ನಮ್ಮ ಕನ್ನಡ ಶಬ್ದ ಸೇರಿಕೊಂಡಿದೆ. ಬೋರ್ಡೋ ಶೇಕಡ 1ರ ದ್ರಾವಣ, ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, ಎರಡಕ್ಕೂ ಆಗುತ್ತೆ. ಹೊಡೆಯೋ ಜಾಗ ಬೇರೆ. ಅಲ್ಲಿ ಗೊನೆ, ಇಲ್ಲಿ ಎಲೆಯ ಅಡಿ. ಕಾಫಿಗಾದರೆ ನೆರಳು ತೆಳುಮಾಡಿ ಗಿಡದೊಳಗೆ ಗಾಳಿ ಆಡೋ ಹಾಗೆ ಮಾಡೋದೂ ಸೇರುತ್ತೆ.

ಇನ್ನೊಂದು ಮಾತು. ಮೆಣಸಿನ ಸೊರಗು ರೋಗ, ಅಡಿಕೆ ಕೊಳೆ, ಆಲೂಗಡ್ಡೆ ಅಂಗಮಾರಿ ಮೂರೂ ಫೈಟೊಫ್ತೊರ ಕುಲದವೇ. ಆ ದಿನ ಮೆಣಸು ಬೆಳೆಯುವ ಯಾರಾದರೂ ಫೋಟೋ ನೋಡಿದ್ದರೆ "ಇದು ನಮ್ಮ ಸೊರಗಿನ ನೆಂಟ, ತಡ ಮಾಡಬೇಡಿ" ಅಂತಲಾದರೂ ಹೇಳ್ತಿದ್ದರು. ಪ್ರಶ್ನೆಗೆ ಬೀಗ ಬಿದ್ದಿದ್ದಕ್ಕೆ ಆ ಒಂದು ಮಾತೂ ಬರಲಿಲ್ಲ.

ಅರಬಿಕಾ, ಬಾಳೆಹೊನ್ನೂರು

ಅದನ್ನೇ ನಾನು ಹೆದರೋದು. ಮೆಣಸಿನವರು ಮೆಣಸಿನ ಲೆಕ್ಕದಲ್ಲೇ ಔಷಧಿ ಹೇಳ್ತಾರೆ. ಆಲೂಗಡ್ಡೆಗೆ ಪ್ರಮಾಣ ಬೇರೆ, ಕೊಯ್ಲಿಗೆ ಮುಂಚೆ ಬಿಡಬೇಕಾದ ದಿನ ಬೇರೆ. ಅರೆಬರೆ ಗೊತ್ತಿದ್ದವರ ಉತ್ತರ ಬರೋದಕ್ಕಿಂತ ಬೀಗ ಹಾಕೋದೇ ಮೇಲು.

ಕಳಸ ಅಡಿಕೆ

ಔಷಧಿ ಹೇಳೋದು ಬೇಡ, ಒಪ್ಪಿದೆ. "ತುರ್ತು, ಇವತ್ತೇ ತರಕಾರಿಯವರನ್ನು ಹಿಡಿಯಿರಿ" ಅನ್ನೋದಕ್ಕೆ ಏನು ಅಡ್ಡಿ?

ಅರಬಿಕಾ, ಬಾಳೆಹೊನ್ನೂರು

ಅಷ್ಟಕ್ಕೆ ಅಡ್ಡಿ ಇಲ್ಲ.

ಆಲೂರು ರೈತ

ಆ ಪ್ರಶ್ನೆ ಹಾಕಿದವನು ನಾನೇ. ಮಗಳು ಈ ಚರ್ಚೆ ತೋರಿಸಿದಳು, ಅವಳ ಕೈಲೇ ಬರೆಸ್ತಿದೀನಿ.

ಅಕ್ಕಾವ್ರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಮನೇಲಿ ಅರ್ಧ ಎಕರೆ ಕಾಫಿ, ಅದರಾಗೆ ಮೆಣಸು, ಒಂದೂವರೆ ಎಕರೆ ಆಲೂಗಡ್ಡೆ. ನನಗೆ ಗೊತ್ತಿದ್ದ ಗುಂಪು ಇದೊಂದೇ, ಅದಕ್ಕೇ ಇಲ್ಲಿ ಕೇಳಿದ್ದು. ತರಕಾರಿಗೆ ಬೇರೆ ಗುಂಪು ಐತೆ ಅಂತ ಗೊತ್ತಿದ್ದರೆ ಅಲ್ಲೇ ಕೇಳ್ತಿದ್ದೆ. "ಬೇರೆ ಕಡೆ ಕೇಳಿ" ಅಂದಾಗ ಏನೋ ತಪ್ಪು ಮಾಡಿಬಿಟ್ಟೆ ಅನ್ನಿಸ್ತು. ಮತ್ತೆ ಯಾರನ್ನೂ ಕೇಳೋಕೆ ಮನಸ್ಸು ಬರಲಿಲ್ಲ. ಮಾರನೇ ದಿನ ಒಂದು ಆಫೀಸಿಗೆ ಹೋದೆ. ಅಲ್ಲೂ ಇದು ನಮ್ಮದಲ್ಲ, ಇನ್ನೊಂದು ಆಫೀಸಿಗೆ ಹೋಗಿ ಅಂದರು. ಅಲ್ಲಿ ಹೋದರೆ ಸಾಹೇಬರು ಮೀಟಿಂಗಿಗೆ ಹೋಗಿದ್ದರು. ನಡುವೆ ಭಾನುವಾರ ಬಂತು.

ಬಿತ್ತನೆ ಗೆಡ್ಡೆ ಪಂಜಾಬಿಂದ ಬಂದಿದ್ದು, ಹಾಸನದ ಎಪಿಎಂಸೀಲಿ ಸಾಲ ಮಾಡಿ ತಂದಿದ್ದೆ. ಅದು ಹೋಯ್ತು, ಇರಲಿ. ಮುಂದೆ ಯಾರಾದರೂ ಕೇಳಿದರೆ ಹೋಗೋ ಜಾಗದ ಹೆಸರು ಹೇಳಿ. ನಾವು ಹೋಗ್ತೀವಿ.

ತೋಟದಮನೆ, ಮೂಡಿಗೆರೆ (ನಿರ್ವಾಹಕಿ)

ಅಣ್ಣಾ, ನೀವು ಬಂದು ಬರೆದಿದ್ದಕ್ಕೆ ಕೈಮುಗೀತೀನಿ. ಇದನ್ನು ನಿಮ್ಮ ಬಾಯಲ್ಲೇ ಕೇಳಬೇಕಿತ್ತು.

ಜಮೀನು ದಾಖಲೆ ವೇದಿಕೆ, ಹಾಸನ

ಆಲೂರಿನ ಅಣ್ಣ ಹೇಳಿದ ಹಾಗೆ ಆಫೀಸಿಂದ ಆಫೀಸಿಗೆ ಅಲೆಯೋದು ನಮ್ಮ ಕಡೆ ಬರುವವರಿಗೆಲ್ಲ ಗೊತ್ತಿರೋದೇ. ಆದರೆ ಅದಕ್ಕೆ ಕಾನೂನಿನಲ್ಲೇ ಒಂದು ಒಳ್ಳೆ ಮಾದರಿ ಇದೆ.

2005ರ ಮಾಹಿತಿ ಹಕ್ಕು ಕಾಯ್ದೆಯ 6(3) ಓದಿ ನೋಡಿ. ಒಂದು ಕಚೇರಿಗೆ ಅರ್ಜಿ ಹಾಕಿದಿರಿ, ಮಾಹಿತಿ ಇರೋದು ಇನ್ನೊಂದು ಕಚೇರಿಯಲ್ಲಿ ಅಂದುಕೊಳ್ಳಿ. ಆಗ ಅರ್ಜಿಯನ್ನು ವಾಪಸ್ ಕೊಟ್ಟು ಅಲೆಸುವ ಹಾಗಿಲ್ಲ. ಅರ್ಜಿ ತಗೊಂಡ ಕಚೇರಿಯೇ ಅದನ್ನು ಸಂಬಂಧಪಟ್ಟ ಕಚೇರಿಗೆ ವರ್ಗಾಯಿಸಬೇಕು, ಐದು ದಿನ ಮೀರಬಾರದು, ವರ್ಗಾಯಿಸಿದ್ದನ್ನು ಅರ್ಜಿದಾರರಿಗೆ ಕೂಡಲೇ ತಿಳಿಸಬೇಕು. ಯಾವ ಕಾಗದ ಯಾವ ಮೇಜಿನಲ್ಲಿದೆ ಅಂತ ಜನಕ್ಕೆ ಗೊತ್ತಿರಬೇಕಾಗಿಲ್ಲ, ಒಳಗಿರುವವರಿಗೆ ಗೊತ್ತಿರಬೇಕು ಅಂತ ಒಪ್ಪಿಕೊಂಡ ಕಲಮು ಅದು. ಸಂಬಳ ತಗೊಳ್ಳುವ ಕಚೇರಿಗೇ ಈ ನಿಯಮ ಇರುವಾಗ, ಪ್ರೀತಿಗೆ ಕೆಲಸ ಮಾಡುವ ನಾವು ಅದಕ್ಕಿಂತ ಕಡಿಮೆ ಮಾಡಬಾರದು.

ಇನ್ನು ಎರಡು ಕಡೆಗೂ ಸೇರುವ ಪ್ರಶ್ನೆಗಳ ವಿಚಾರ. ನಮ್ಮ ಸೀಮೆಯ ತೋಟ ನೋಡಿ: ಗಿಡ ಕಾಫಿ, ಅದು ಕಾಫಿ ಮಂಡಳಿಗೆ. ನೆರಳಿನ ಮರಕ್ಕೆ ಹಬ್ಬಿದ ಮೆಣಸು ಸಂಬಾರ ಮಂಡಳಿಗೆ. ಮರ ಕಡಿಯೋ ಮಾತು ಬಂದರೆ ಅರಣ್ಯ ಇಲಾಖೆ. ಅದೆಲ್ಲ ನಿಂತ ನೆಲ ಕಂದಾಯ ಇಲಾಖೆ. ಒಂದೇ ಮರದ ಬುಡದಲ್ಲಿ ನಾಲ್ಕು ಇಲಾಖೆ! ಮೊನ್ನೆ ಸಕಲೇಶಪುರದವರೊಬ್ಬರು ಕೇಳಿದ್ದರು, "ಸಿಲ್ವರ್ ಓಕ್ ಎಷ್ಟು ತೆಗೆದರೆ ಕಾಫಿಗೆ ನೆರಳು ಸಾಕು, ತೆಗೆಯೋಕೆ ಯಾರ ಅನುಮತಿ ಬೇಕು" ಅಂತ. ಇಂಥದ್ದನ್ನು ಪೂರ್ತಿ ಇತ್ತ ಕಳಿಸಿದರೂ ತಪ್ಪು, ಪೂರ್ತಿ ಅತ್ತ ಇಟ್ಟುಕೊಂಡರೂ ತಪ್ಪು. ಕೇಳಿದವರಿಗೆ ಹೇಳಿ ಎರಡು ಪ್ರಶ್ನೆ ಮಾಡಿಸಿ, ಒಂದರಲ್ಲಿ ಇನ್ನೊಂದರ ಕೊಂಡಿ ಇರಲಿ.

ಮತ್ತೆ ಒಂದು ಎಚ್ಚರಿಕೆ. ನಮ್ಮಲ್ಲಿಗೆ ದಾಟಿಸುವಾಗ ಸರ್ವೆ ನಂಬರು, ಪಹಣಿ ಫೋಟೋ, ಫೋನ್ ನಂಬರು ಎಲ್ಲ ಹಾಗೇ ಬರ್ತಿದೆ. ಐವತ್ತು ಜನದ ಮುಂದೆ ತೋರಿಸಿದ್ದನ್ನು ಅವರನ್ನು ಕೇಳದೆ ಎರಡು ಸಾವಿರ ಜನದ ಮುಂದೆ ಇಡಬಾರದು. ಅಣ್ಣ-ತಮ್ಮಂದಿರ ವ್ಯಾಜ್ಯ ಇರುವ ಜಮೀನು ಇರುತ್ತೆ. ಅವನ್ನು ತೆಗೆದು ದಾಟಿಸಿ, ದಾಟಿಸುವ ಮುಂಚೆ ಒಂದು ಮಾತು ಕೇಳಿ.

ಕೊಪ್ಪ, ನಿವೃತ್ತ ಪೋಸ್ಟ್‌ಮಾಸ್ಟರ್

ನಾನು ಮೂವತ್ತಾರು ವರ್ಷ ಅಂಚೆ ಇಲಾಖೆಯಲ್ಲಿದ್ದವನು. ತಪ್ಪು ಜಾಗಕ್ಕೆ ಬಂದದ್ದನ್ನು ಸರಿಯಾದ ಜಾಗಕ್ಕೆ ಕಳಿಸುವುದೇ ನಮ್ಮ ದಿನನಿತ್ಯದ ಕೆಲಸವಾಗಿತ್ತು. ಅದಕ್ಕೆ ನಾವು ರೀಡೈರೆಕ್ಟ್ ಎನ್ನುತ್ತಿದ್ದೆವು.

ಮಲೆನಾಡಿನಲ್ಲಿ ಒಂದೇ ಹೆಸರಿನ ಊರುಗಳು ಹತ್ತಾರು. ಹೊಸಳ್ಳಿ, ಹೊಸೂರು, ಕೆಸವೆ ಎಂದಷ್ಟೇ ಬರೆದ ಕಾಗದ ಬಂದರೆ ಯಾವ ಹೋಬಳಿ ಎಂದು ತಲೆ ಕೆರೆದುಕೊಳ್ಳಬೇಕು. ಇದಕ್ಕಾಗಿಯೇ 1972ರ ಆಗಸ್ಟ್ 15ರಂದು ಆರಂಕಿಯ ಪಿನ್ ಕೋಡ್ ಬಂದದ್ದು. ಆದರೆ ಪಿನ್ ಬಂದ ಮೇಲೂ ಅದನ್ನು ಬರೆಯದವರ ಕಾಗದವನ್ನು ನಾವು ಬಿಸಾಡಲಿಲ್ಲ. ಹಳೆಯ ವಿಳಾಸಕ್ಕೆ ಗೆರೆ ಎಳೆದು, ಪಕ್ಕದಲ್ಲಿ ಹೊಸದನ್ನು ಸ್ಪಷ್ಟವಾಗಿ ಬರೆದು, ನಮ್ಮ ಮೊಹರು ಒತ್ತಿ ಕಳಿಸುತ್ತಿದ್ದೆವು. ಮೊಹರು ಏಕೆಂದರೆ, ಎಲ್ಲಿ ಎಷ್ಟು ದಿನ ನಿಂತಿತು ಎಂದು ಮುಂದಿನವರಿಗೆ ತಿಳಿಯಬೇಕು. ಎಲ್ಲಿಗೂ ತಲುಪದ್ದು ಕೊನೆಗೆ ಬರೆದವರಿಗೇ ಹಿಂದಿರುಗಬೇಕು. ನಡುವೆ ಎಲ್ಲಿಯೂ ಉಳಿಯಬಾರದು.

ನೀವು ಪ್ರಶ್ನೆ ದಾಟಿಸುವಾಗಲೂ ಯಾರು, ಎಂದು, ಏಕೆ ದಾಟಿಸಿದರು ಎಂಬ ಒಂದು ಸಾಲನ್ನು ಅದರ ಮೇಲೆಯೇ ಬರೆಯಿರಿ. ಸಂಜೆ ಒಮ್ಮೆ ನೋಡಿ, ಅಲ್ಲಿ ಯಾರೂ ಕೈಗೆತ್ತಿಕೊಳ್ಳದಿದ್ದರೆ ಕಳಿಸಿದವರೇ ವಿಚಾರಿಸಬೇಕು. ತಲುಪಿದ ಮೇಲೆಯೇ ನಿಮ್ಮ ಜವಾಬ್ದಾರಿ ಮುಗಿಯಿತು ಎಂದು ತಿಳಿಯಿರಿ.

ಸಕಲೇಶಪುರ, ಹೊಸಬಳು

ಸಿಲ್ವರ್ ಓಕ್ ಪ್ರಶ್ನೆ ನಂದೇ. ಎರಡು ಮಾಡಿ ಅಂದಾಗ ಬೇಜಾರಾಗಲಿಲ್ಲ, ಯಾಕಂದ್ರೆ ಹೇಗೆ ಅಂತ ಹೇಳಿಕೊಟ್ಟರು. ಒಂದು ಸಂಗತಿ ಸೇರಿಸ್ತೀನಿ. ಮೆಣಸಿನ ಬಳ್ಳಿ ಹಳದಿ ಆಗಿದೆ ಅಂತ ಬರುವವರಿಗೆ ಅದು ರೋಗವಾ, ಬೇರಿನ ಜಂತುಹುಳವಾ, ನೀರು ನಿಂತಿದ್ದಾ, ಗೊಬ್ಬರ ಸಾಲದ್ದಾ ಗೊತ್ತಿರಲ್ಲ. ಗೊತ್ತಿದ್ದರೆ ಕೇಳ್ತಾನೇ ಇರಲಿಲ್ಲ. ಯಾವ ವಿಭಾಗ ಅಂತ ಆರಿಸಿಕೊಂಡು ಬನ್ನಿ ಅಂತ ಹೊಸಬರಿಗೆ ಹೇಳೋದು ಕಷ್ಟ.

ಪಂಪು-ಯಂತ್ರ ವೇದಿಕೆ, ಬೇಲೂರು

ನಮ್ಮ ಕಡೆ ಅಷ್ಟೇನೂ ತಪ್ಪಿ ಬರಲ್ಲ. ಬಂದರೂ ಸ್ಟಾರ್ಟರ್, ಕೆಪಾಸಿಟರ್ ಅಂತ ಇರುತ್ತೆ, ಎತ್ತಿ ಹಾಕಿ ಸಾಕು.

ಆದರೆ ದಾಟಿಸಲೇಬಾರದ ಪ್ರಶ್ನೆಗಳೂ ಇವೆ. ನಮ್ಮ ಕಡೆ ಒಮ್ಮೆ ರಾತ್ರಿ ಒಬ್ಬರು "ಆನೆ ಪಂಪ್‌ಹೌಸ್ ಹತ್ತಿರ ನಿಂತಿದೆ, ಲೈಟ್ ಹಾಕಲಾ" ಅಂತ ಕೇಳಿದರು. ಅದಕ್ಕೆ ವೇದಿಕೆ ಯಾವುದು ಅಂತ ಯೋಚನೆ ಮಾಡೋ ಹಾಗಿಲ್ಲ. ಮನೆಯೊಳಗೇ ಇರಿ, ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕೆ ಫೋನ್ ಮಾಡಿ ಅಂತ ಅಲ್ಲೇ ಹೇಳಬೇಕು. ಔಷಧಿ ಹೊಡೀತಾ ತಲೆ ಸುತ್ತಿ ಬಿದ್ದವರ ವಿಷಯ ಬಂದರೆ 108. ಬೇಲಿ ಎಲ್ಲ ಆಮೇಲೆ.

ತರಕಾರಿ ವೇದಿಕೆ, ಹಾಸನ

ಇದಕ್ಕೇ ಸೇರಿಸಿ: ಭಾನುವಾರವೋ ಬೇರೆ ಹೊತ್ತಿನಲ್ಲೋ ನಾವು ಯಾರೂ ಸಿಗದಿದ್ದರೆ ಕಿಸಾನ್ ಕಾಲ್ ಸೆಂಟರ್ 1800-180-1551, ಬೆಳಿಗ್ಗೆ ಆರರಿಂದ ರಾತ್ರಿ ಹತ್ತರ ತನಕ. ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಹಾಸನದವರಿಗೆ ಕಂದಲಿಯ ಕೃಷಿ ವಿಜ್ಞಾನ ಕೇಂದ್ರ, ಚಿಕ್ಕಮಗಳೂರಿನವರಿಗೆ ಮೂಡಿಗೆರೆಯದ್ದು. ಮುಚ್ಚುವ ಸೂಚನೆಯಲ್ಲೇ ಈ ಮೂರೂ ಅಚ್ಚಾಗಿರಲಿ.

ಅರಬಿಕಾ, ಬಾಳೆಹೊನ್ನೂರು

ಇಷ್ಟು ಓದಿದ ಮೇಲೆ ನನ್ನ ಮಾತು ಸ್ವಲ್ಪ ತಿದ್ದಿಕೊಳ್ತೀನಿ. ಬೇಲಿ ಇರಲಿ. ಹಿಂದೆ ಇಲ್ಲಿಂದ ಬಿಟ್ಟು ಹೋದವರಲ್ಲಿ ಇಬ್ಬರ ಜೊತೆ ನಿನ್ನೆ ಫೋನಿನಲ್ಲಿ ಮಾತಾಡಿದೆ. ಬೇರೆ ಪ್ರಶ್ನೆ ಬಂದಿದ್ದಕ್ಕೆ ಅವರಿಗೆ ಬೇಸರ ಇರಲಿಲ್ಲವಂತೆ, ಅವು ತಿಂಗಳುಗಟ್ಟಲೆ ಇಲ್ಲೇ ಬಿದ್ದಿರ್ತಿದ್ದಿದ್ದೇ ಬೇಸರ. ದಿನದೊಳಗೆ ದಾಟಿಹೋಗುವುದಾದರೆ ಅವರೂ ವಾಪಸ್ ಬರ್ತೀವಿ ಅಂದರು. ಬೆಳಿಗ್ಗೆ ಹೊತ್ತು ನೋಡಿಕೊಳ್ಳೋಕೆ ನಾನು ತಯಾರಿದ್ದೀನಿ. ತೋಟಕ್ಕೆ ಹೋಗುವ ಮುಂಚೆ, ಆರರಿಂದ ಏಳು.

ತೋಟದಮನೆ, ಮೂಡಿಗೆರೆ (ನಿರ್ವಾಹಕಿ)

ಎಲ್ಲರ ಮಾತು ಕೂಡಿಸಿ ಇವತ್ತು ರಾತ್ರಿ ನಮ್ಮ ಮುಚ್ಚುವ ಸೂಚನೆ ಬದಲಾಯಿಸಿದೆ. ಈಗ ಅದು ಹೀಗಿದೆ:

"ನಮಸ್ಕಾರ. ನಿಮ್ಮ ಪ್ರಶ್ನೆ ಒಳ್ಳೆಯದೇ, ಆದರೆ ಅದಕ್ಕೆ ಉತ್ತರ ಗೊತ್ತಿರುವವರು ಪಕ್ಕದ ವೇದಿಕೆಯಲ್ಲಿದ್ದಾರೆ. ನೀವು ಒಪ್ಪಿದರೆ ನಾವೇ ಅಲ್ಲಿಗೆ ದಾಟಿಸುತ್ತೇವೆ, ಅಥವಾ ಈ ಕೊಂಡಿ ಒತ್ತಿ ನೀವೇ ಕೇಳಬಹುದು. ಸರ್ವೆ ನಂಬರು, ಫೋನ್ ನಂಬರು ಇದ್ದರೆ ತೆಗೆದಿರುತ್ತೇವೆ. ಸಂಜೆಯೊಳಗೆ ಉತ್ತರ ಬರದಿದ್ದರೆ ಇಲ್ಲೇ ಒಂದು ಸಾಲು ಬರೆಯಿರಿ, ನಾವು ವಿಚಾರಿಸುತ್ತೇವೆ."

ಇದರ ಕೆಳಗೆ ಕಳಿಸಿದವರ ಹೆಸರು, ದಿನ, ಕಾರಣ. ಅದರ ಕೆಳಗೆ ತುರ್ತು ನಂಬರುಗಳು. ಟಿಪ್ಪಣಿ ಬರೆಯೋಕೆ ಬೀಗ ಇರಲ್ಲ, ಔಷಧಿ ಹೆಸರು ಮಾತ್ರ ಆಯಾ ಬೆಳೆಯವರೇ ಹೇಳಬೇಕು. ಬೆಳಿಗ್ಗೆ ಬಾಳೆಹೊನ್ನೂರಿನವರು, ಮಧ್ಯಾಹ್ನ ಕಡೂರಿನ ತಮ್ಮ, ರಾತ್ರಿ ಹತ್ತರ ತನಕ ನಾನು. ಹತ್ತರ ಮೇಲೆ ನೋಡಿಕೊಳ್ಳೋಕೆ ಇನ್ನೂ ಒಬ್ಬರು ಬೇಕು. ಆಲೂರಿನ ಅಣ್ಣನ ಪ್ರಶ್ನೆ ಬಂದಿದ್ದು ಆ ಹೊತ್ತಿಗೇ, ಹಾಗಾಗಿ ಅದನ್ನು ಖಾಲಿ ಬಿಡೋಕೆ ನನಗೆ ಮನಸ್ಸಿಲ್ಲ.

ಮುಚ್ಚಿದ್ದ ಆ ಹಳೆ ಪ್ರಶ್ನೆಯನ್ನೂ ತೆರೆದು, ತರಕಾರಿ ವೇದಿಕೆಯಲ್ಲಿ ಸಿಕ್ಕ ಉತ್ತರದ ಕೊಂಡಿ ಅಲ್ಲಿ ಹಾಕಿದ್ದೀನಿ. ಮುಂದಿನ ಮುಂಗಾರಿಗೆ ಅದೇ ಫೋಟೋ ಇಟ್ಟುಕೊಂಡು ಹುಡುಕಿ ಬರುವವರಿಗೆ ಸಿಗಲಿ.

ಆಲೂರು ರೈತ

ಹತ್ತರ ಮೇಲೆ ಮಗಳು ಓದ್ತಾ ಕೂತಿರ್ತಾಳೆ, ಹನ್ನೆರಡರ ತನಕ. ನಾನೂ ನೀರು ಕಟ್ಟೋಕೆ ಎದ್ದಿರ್ತೀನಿ. ಯಾವ ಪ್ರಶ್ನೆ ಯಾವ ಗುಂಪಿಗೆ ಅಂತ ಒಂದು ಕಾಗದದಾಗೆ ಬರೆದು ಕೊಡಿ, ನಾವಿಬ್ರೂ ನೋಡ್ಕೊಳ್ತೀವಿ.